ಅಳಿಯ ಬೆಟ್ಟ ಹತ್ತಿದ ದಿನ

ನಮ್ಮ ಮನೆಯ ಅಳಿಯನಿಗೆ ಹತ್ತು ಗಾಲಿ. ಮೈಬಣ್ಣ ನೀಲಿ, ಹಣೆ ಕೆಂಪು, ಎಡಗಡೆಯ ಕನ್ನಡಿ ಯಾವಾಗಲೂ ಸ್ವಲ್ಪ ಓರೆ. ಅಪ್ಪ ಒಂದು ಬೆಳಿಗ್ಗೆ ಅಂಗಡಿಗೆ ಹೋಗಿ ಬರುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟವರು, ಅದು ಎಲ್ಲಿನ ಅಂಗಡಿಯೋ, ಇವತ್ತಿಗೂ ಬಂದಿಲ್ಲ. ಅವರ ದಾರಿ ಕಾಯುವುದು ಸಾಕಾದ ಮೇಲೆ ಅಮ್ಮ ಮನೆಯಲ್ಲಿದ್ದಬದ್ದದ್ದನ್ನೆಲ್ಲ ಮಾರಿ ಒಂದು ಹಳೆಯ ಲಾರಿ ಕೊಂಡಳು. ಅದನ್ನು ತಾನೇ ಓಡಿಸಿಕೊಂಡು ಬಂದು ಬಾಗಿಲ ಮುಂದೆ ನಿಲ್ಲಿಸಿದ ದಿನ ಅಜ್ಜಿ, ಅಂದರೆ ಅಮ್ಮನ ಅಮ್ಮ, ಸೊಂಟ ಹಿಡಿದುಕೊಂಡು ಹೊರಗೆ ಬಂದು ಅದರ ಸುತ್ತ ಒಂದು ಸುತ್ತು ಹಾಕಿದಳು. ಆಮೇಲೆ ಬಿಸಿ ಬಾನೆಟ್ಟಿನ ಮೇಲೆ ಕೈಯಿಟ್ಟು ತೀರ್ಪು ಕೊಟ್ಟಳು.

"ಇವನೇ ನನ್ನ ಅಳಿಯ. ಕುಡಿಯೋದು ಡೀಸೆಲ್ಲು ಮಾತ್ರ, ಮಲಗೋದು ಹೊರಗೆ, ಎದುರು ಮಾತಾಡಲ್ಲ. ಹೋದವನಿಗಿಂತ ಎಷ್ಟೋ ವಾಸಿ."

ಅಂದಿನಿಂದ ಅವನು ಅಳಿಯ. ಅಮ್ಮ ದೂರದ ಲೋಡಿಗೆ ಹೋದಾಗ ನಾನು ಅಜ್ಜಿಯ ಮಗ್ಗುಲಲ್ಲಿ ಮಲಗಿ ಬೆಳೆದೆ. ಅಜ್ಜಿಗೆ ಗೋಡೆಯ ಬಿರುಕು ಕಂಡರೂ ಒಂದು ಕತೆ, ಹಾಲು ಉಕ್ಕಿದರೂ ಒಂದು ಕತೆ. ಅಮ್ಮ ಯಾವುದೋ ಊರಿನ ಇಳಿಜಾರಿನಲ್ಲಿ ಬ್ರೇಕು ಒತ್ತುತ್ತಿದ್ದಾಗ ನಾನು ಏಳು ಕಡಲಿನಾಚೆ ಇರುತ್ತಿದ್ದೆ. ಆ ಅಭ್ಯಾಸ ಹೋಗಲೇ ಇಲ್ಲ. ಕಾಲೇಜು ಮುಗಿಸುವ ವಯಸ್ಸಿಗೆ ಬಂದರೂ ನಾನು ಪಾತ್ರೆ ತೊಳೆಯುತ್ತ ತೊಳೆಯುತ್ತ ಮಾಯವಾಗಿಬಿಡುತ್ತಿದ್ದೆ. ನಲ್ಲಿ ಮಾತ್ರ ಸುರಿಯುತ್ತಿರುತ್ತಿತ್ತು. "ಇವಳನ್ನ ಯಾವ ಊರಿಂದ ಕರ್ಕೊಂಡು ಬರ್ಬೇಕೋ," ಎಂದು ಅಮ್ಮ ಬಂದು ನಲ್ಲಿ ಕಟ್ಟುತ್ತಿದ್ದಳು.

ಅಜ್ಜಿಯ ಕತೆಗಳಲ್ಲಿ ನನಗೆ ತುಂಬ ಹಿಡಿಸಿದ್ದು ಬೆಟ್ಟದ ರಾಕ್ಷಸನದು. ಅವನು ದಾರಿಗೆ ಅಡ್ಡ ಕಾಲು ಚಾಚಿ ಕೂತಿದ್ದನಂತೆ. ಹೋಗಿಬರುವವರೆಲ್ಲ ತಮ್ಮ ಬುತ್ತಿಯಲ್ಲಿ ಅರ್ಧ ಅವನ ಬಾಯಿಗೆ ಹಾಕಿ, ಕಾಲನ್ನು ಬಳಸಿಕೊಂಡು ಮುಳ್ಳಿನಲ್ಲಿ ನಡೆದು ಹೋಗಬೇಕು. ಹೀಗೆ ಎಷ್ಟೋ ತಲೆಮಾರು ನಡೆಯಿತು. ಒಮ್ಮೆ ಒಬ್ಬ ಹುಡುಗಿ ತಲೆಯ ಮೇಲೆ ತುಂಬಿದ ಕೊಡ ಹೊತ್ತು ಬಂದವಳು, "ಬಳಸಿಕೊಂಡು ಹೋದರೆ ನೀರು ತುಳುಕುತ್ತೆ ತಾತಾ, ಸ್ವಲ್ಪ ಕಾಲು ತೆಗಿ," ಎಂದಳು. ರಾಕ್ಷಸ ಕೋಪದಿಂದ ಎದ್ದು ನಿಲ್ಲಲು ನೋಡಿದ. ಆಗಲಿಲ್ಲ. ಕೂತೂ ಕೂತೂ ಅವನ ಕಾಲು ಜೋಮು ಹಿಡಿದು ಯಾವ ಕಾಲವಾಗಿತ್ತೋ.

"ಮತ್ತೆ ಅಲ್ಲಿವರೆಗೂ ಯಾರಿಗೂ ಗೊತ್ತಾಗಲಿಲ್ವಾ?" ಎಂದು ನಾನು ಪ್ರತಿಸಲ ಕೇಳುತ್ತಿದ್ದೆ.

"ಯಾರೂ ಎಬ್ಬಿಸಿ ನೋಡಿರಲಿಲ್ಲ ಕಣೆ," ಎಂದು ಅಜ್ಜಿ ಪ್ರತಿಸಲ ಹೇಳುತ್ತಿದ್ದಳು.

ನಮ್ಮ ಬೆಟ್ಟದ ದಾರಿಯಲ್ಲೂ ಒಬ್ಬ ಕೂತಿದ್ದ. ಅವನನ್ನು ಎಲ್ಲರೂ ಅಧ್ಯಕ್ಷರು ಅನ್ನುತ್ತಿದ್ದರು. ಲಾರಿ ಮಾಲೀಕರ ಸಂಘಕ್ಕೆ ತಾನೇ ಅಧ್ಯಕ್ಷನಾಗಿ, ಆಮೇಲೆ ಸಂಘ ಮಾಡಿಕೊಂಡವನು. ಮೊದಲು ಟೈರಿನ ಅಂಗಡಿ ಇತ್ತು. ಲಾರಿಗಳ ಬುಡದಲ್ಲೇ ಬೆಳೆದರೂ ಒಂದು ದಿನವೂ ಸ್ಟೇರಿಂಗ್ ಹಿಡಿದವನಲ್ಲ. ಬೆಟ್ಟದ ತುದಿಯಲ್ಲಿ, ಮೇಲಿನ ಊರು ಶುರುವಾಗುವ ಕಡೆ, ರಸ್ತೆಗೆ ಅಡ್ಡಲಾಗಿ ಒಂದು ಗೇಟು ಹಾಕಿಸಿದ್ದ. ಕೆಂಪು ಬಿಳಿ ಪಟ್ಟೆ ಬಳಿದ ಪೈಪು, ಪಕ್ಕದಲ್ಲಿ ತಗಡಿನ ಶೆಡ್ಡು, ಶೆಡ್ಡಿನ ನೆರಳಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ತಿಂಗಳು ತಿಂಗಳು ಕಾಣಿಕೆ ಕೊಟ್ಟವರ ಗಾಜಿಗೆ ಹಳದಿ ಸ್ಟಿಕ್ಕರು ಅಂಟುತ್ತಿತ್ತು. ಅದರಲ್ಲಿ ಎರಡು ಕೈ ಪರಸ್ಪರ ಕುಲುಕುವ ಚಿತ್ರ. ಸ್ಟಿಕ್ಕರು ಇದ್ದರೆ ಪೈಪು ಏಳುತ್ತದೆ. ಇಲ್ಲದಿದ್ದರೆ ಪೈಪಿನ ಪಕ್ಕದಲ್ಲೇ ಜೀಪು ನಿಲ್ಲಿಸಿಕೊಂಡಿರುವ ಇನ್ಸ್‌ಪೆಕ್ಟರು ಏಳುತ್ತಾರೆ. ದೀಪದ ಮೇಲೆ ಧೂಳು, ನಂಬರ್ ಪ್ಲೇಟಿಗೆ ಮಣ್ಣು, ಹಾರ್ನಿನ ದನಿ ಸರಿಯಿಲ್ಲ, ಏನಾದರೊಂದು ಸಿಕ್ಕೇ ಸಿಗುತ್ತಿತ್ತು.

ಒಬ್ಬೊಬ್ಬರಾಗಿ ಎಲ್ಲರ ಗಾಜಿನ ಮೇಲೂ ಆ ಎರಡು ಕೈ ಬಂತು. ಅಮ್ಮನ ಗಾಜು ಮಾತ್ರ ಖಾಲಿ.

"ಅಂಟಿಸ್ಕೊಂಡ್ಬಿಡು ಅಕ್ಕಾ," ಎಂದು ಗುಡುಗು ಮಾಮ ಎಷ್ಟು ಸಲ ಹೇಳಿದ್ದನೋ. ಅವನೂ ಅಮ್ಮನೂ ಒಂದೇ ಕಾಲದಲ್ಲಿ ಲಾರಿ ಹತ್ತಿದವರು. ಮಲಗಿದರೆ ಪಕ್ಕದ ಲಾರಿಯವರೂ ಎದ್ದು ಕೂರುವಂತೆ ಗೊರಕೆ ಹೊಡೆಯುತ್ತಿದ್ದದ್ದಕ್ಕೆ ಆ ಹೆಸರು. "ಒಂದು ಚೂರು ಹಳದಿ ಕಾಗದ. ಅದಕ್ಕೆ ಯಾಕೆ ಇಷ್ಟೊಂದು ಹಟ?"

"ನಿನ್ನ ಗಾಜಲ್ಲಿ ಇದೆಯಲ್ಲ, ನಿನಗೆ ದಾರಿ ಚೆನ್ನಾಗಿ ಕಾಣ್ಸುತ್ತಾ?"

"ಕಾಣ್ಸುತ್ತೆ. ಮೂಲೇಲಿ ಅಂಟಿಸಿದೀನಿ."

"ನಂಗೆ ಮೂಲೇನೂ ಬೇಕು ಕಣೋ," ಎಂದು ಅಮ್ಮ ಟೀ ಲೋಟ ಕೆಳಗಿಟ್ಟು ಎದ್ದಳು.

ಅವಳ ಹಟಕ್ಕೆ ಬೆಲೆ ಇತ್ತು. ಗೇಟಿನ ಹತ್ತಿರ ಅರ್ಧ ದಿನ ಕಾಯಿಸುತ್ತಿದ್ದರು. ಒಮ್ಮೆ ಎಡಗಡೆಯ ದೀಪ ಒಡೆದು, ಆಮೇಲೆ ದೀಪ ಒಡೆದಿದೆ ಎಂದು ದಂಡ ಹಾಕಿದರು. ಲೋಡು ಕೊಡುತ್ತಿದ್ದವರು ಒಬ್ಬೊಬ್ಬರಾಗಿ ಫೋನ್ ಎತ್ತುವುದನ್ನು ಬಿಟ್ಟರು. ಕೊನೆಗೆ ಉಳಿದದ್ದು ಬೆಟ್ಟದ ಮೇಲಿನ ಉಪ್ಪಿನ ಗೋದಾಮು ಒಂದೇ. ಗೋದಾಮಿನ ಯಜಮಾನರು ಒಳ್ಳೆಯವರು, ಆದರೆ ಹೆದರುವವರು. ಅವರು ಅಮ್ಮನನ್ನು ಕರೆದು ಹೇಳಿದರಂತೆ: "ನೋಡಮ್ಮ, ಮೇಲಿನ ಊರಲ್ಲಿ ಉಪ್ಪು ತಳ ಕಂಡಿದೆ. ನಾಳೆ ಸಂಜೆ ನಾನು ಬಾಗಿಲು ಹಾಕೋದರೊಳಗೆ ಲೋಡು ಬಂದ್ರೆ ವರ್ಷಪೂರ್ತಿ ಉಪ್ಪು ನಿಂದೇ. ಬರ್ಲಿಲ್ಲ ಅಂದ್ರೆ ಸಂಘಕ್ಕೆ ಕೊಟ್ಬಿಡ್ತೀನಿ. ದಿನಾ ಮನೆಗೆ ಬಂದು ಕೂತ್ಕೋತಾರಮ್ಮ ಅವರು, ನನಗೂ ಸಾಕಾಗಿದೆ."

ಆ ಲೋಡು ಕೈತಪ್ಪಿದರೆ ಅಮ್ಮನ ಮುಂದೆ ಇದ್ದದ್ದು ಎರಡೇ. ಗಾಜಿಗೆ ಆ ಎರಡು ಕೈ ಅಂಟಿಸಿಕೊಳ್ಳಬೇಕು, ಇಲ್ಲ ಅಳಿಯನನ್ನು ಮಾರಬೇಕು. ಆ ದಿನ ಊಟಕ್ಕೆ ಕೂತಾಗ ಅಜ್ಜಿ ತಟ್ಟೆ ಬಿಟ್ಟು ಎದ್ದು ಹೋಗಿ, ಕಿಟಕಿಯಿಂದ ಹೊರಗೆ ನಿಂತಿದ್ದ ಅಳಿಯನನ್ನು ನೋಡಿ ಬಂದಳು.

ಮರುದಿನ ಬೆಳಿಗ್ಗೆ ಉಪ್ಪಿನ ಮೂಟೆಗಳು ತುಂಬಿ, ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು ಎಲ್ಲ ಸಿದ್ಧವಾದ ಹೊತ್ತಿಗೆ ಕ್ಲೀನರಣ್ಣನ ಫೋನು ಬಂತು. ಅವನ ಅತ್ತೆ ತೀರಿಕೊಂಡಿದ್ದಾರಂತೆ.

"ಆ ಅತ್ತೆ ಹೋದ ವರ್ಷವೂ ತೀರಿಕೊಂಡಿದ್ರಲ್ಲೋ," ಎಂದಳು ಅಮ್ಮ.

"ನಿನ್ನೆ ಅಧ್ಯಕ್ಷರ ಕಡೆಯವರು ಮನೆಗೆ ಬಂದಿದ್ರು ಅಕ್ಕಾ. ನಂಗೆ ಚಿಕ್ಕ ಮಕ್ಕಳಿವೆ," ಎಂದ.

"ಸರಿ ಬಿಡು. ಅತ್ತೆಯವರನ್ನ ಕೇಳಿದೆ ಅಂತ ಹೇಳು," ಎಂದು ಅಮ್ಮ ಫೋನ್ ಇಟ್ಟಳು.

ಕ್ಲೀನರ್ ಇಲ್ಲದೆ ಸಮತಟ್ಟು ದಾರಿಯಲ್ಲಿ ಹೋಗಬಹುದು. ಬೆಟ್ಟಕ್ಕೆ ಆಗದು. ಬೆಟ್ಟದ ಏರಿನಲ್ಲಿ ತುಂಬಿದ ಲಾರಿ ನಿಲ್ಲಬೇಕಾಗಿ ಬಂದರೆ ಒಬ್ಬರು ಥಟ್ಟನೆ ಕೆಳಗೆ ಹಾರಿ ಹಿಂದಿನ ಗಾಲಿಗೆ ಮರದ ಕೊರಡು ಕೊಡಬೇಕು. ಏರಿನಲ್ಲಿ ಬ್ರೇಕನ್ನು ಅರ್ಧ ನಂಬಬೇಕು, ಕೊರಡನ್ನು ಪೂರ್ತಿ ನಂಬಬೇಕು ಅನ್ನುವುದು ಅಮ್ಮನ ಲೆಕ್ಕ. ಹಾಗಾಗಿ ಪ್ರತಿ ಲಾರಿಯಲ್ಲೂ ಸೀಟಿನ ಕೆಳಗೆ ಒಂದು ಕೊರಡು ಇರುತ್ತದೆ. ಇನ್ನೊಂದು ರೂಢಿಯೂ ಉಂಟು. ಲೋಡು ತುಂಬಿ ಮೇಲೆ ಹತ್ತುವ ಗಾಡಿಗೆ, ಖಾಲಿ ಇಳಿಯುವ ಗಾಡಿ ನಿಂತು ದಾರಿ ಬಿಡಬೇಕು. ಹತ್ತುವವನು ನಿಂತುಬಿಟ್ಟಿದ್ದರೆ ಯಾರೇ ಆಗಲಿ ತನ್ನ ಕೊರಡು ಹಿಡಿದು ಓಡಬೇಕು. ಜಗಳವಾಡಿದವನಿರಲಿ, ಮುಖ ಕಂಡರೆ ಆಗದವನಿರಲಿ, ಮೊದಲು ಕೊರಡು, ಆಮೇಲೆ ಜಗಳ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ.

"ನಾನು ಬರ್ತೀನಮ್ಮಾ," ಎಂದೆ.

ಅಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನು? ಬಾಗಿಲ ಬಳಿ ಇಟ್ಟ ಹಾಲಿನ ಪಾತ್ರೆ ದಾಟಿಕೊಂಡು ಹೋಗಿ 'ಹಾಲೆಲ್ಲಿ' ಅಂತ ಕೇಳೋಳು."

"ಕರ್ಕೊಂಡು ಹೋಗೆ," ಎಂದಳು ಅಜ್ಜಿ. "ನನ್ನ ಕತೇಲಿ ಒಂದು ಮಾತು ತಪ್ಪಿದ್ರೂ ಹಿಡೀತಾಳೆ. ನೋಡ್ಬೇಕು ಅಂದ್ಕೊಂಡಿದ್ದನ್ನ ನೋಡ್ತಾಳೆ ಅವಳು."

ಅಮ್ಮ ನನ್ನ ಕಾಲಿಗೆ ಗಟ್ಟಿ ಬೂಟು ಹಾಕಿಸಿದಳು. ದುಪಟ್ಟಾ ಬಿಚ್ಚಿಸಿ ಅಜ್ಜಿಯ ಕೈಗೆ ಕೊಟ್ಟಳು. ಹೊರಡುವ ಮುಂಚೆ ಹಿಂದಿನ ಗಾಲಿಯ ಬಳಿ ಕರೆದುಕೊಂಡು ಹೋಗಿ ಕೊರಡು ಕೈಗಿತ್ತಳು. ಎಣ್ಣೆ ಕುಡಿದು ಕಪ್ಪಾಗಿದ್ದ ಮುಮ್ಮೂಲೆಯ ಮರ, ಮಲಗಿದ ಬೆಕ್ಕಿನಷ್ಟು ಭಾರ.

"ಗಾಲಿ ಹಿಂದೆ ನಿಲ್ಲಬಾರದು. ಪಕ್ಕದಿಂದ ಬರಬೇಕು. ಕೈ ಒಳಗೆ ಬಿಡಬೇಡ. ಗಾಲಿಗೆ ಕೊರಡು ತೋರ್ಸು ಸಾಕು, ಅದೇ ಬಂದು ಕೂತ್ಕೊಳ್ಳುತ್ತೆ. ನಾನು ಇಳಿ ಅಂದ ತಕ್ಷಣ ಇಳೀಬೇಕು. ಯಾವ ಲೋಕದಲ್ಲಿದ್ರೂ ಸರಿ."

ಬೆಟ್ಟದ ಬುಡದ ಟೀ ಅಂಗಡಿ ಆ ದಿನ ಖಾಲಿಯಾಗಿತ್ತು. ಯಾವಾಗಲೂ ಅಲ್ಲಿ ಸಾಲಾಗಿ ನಿಂತಿರುತ್ತಿದ್ದ ಹಳದಿ ಸ್ಟಿಕ್ಕರಿನ ಲಾರಿಗಳಲ್ಲಿ ಒಂದೂ ಇಲ್ಲ. ಟೀ ಅಂಗಡಿಯವನು ಲೋಟ ತೊಳೆಯುತ್ತ ನಮ್ಮನ್ನು ನೋಡಿ, ಮತ್ತೆ ಲೋಟ ನೋಡಿದ. ಅಮ್ಮ ಅದನ್ನು ಗಮನಿಸಿದಳು. ಗೇರು ಇಳಿಸಿದಳು.

ಏರು ಶುರುವಾಯಿತು. ತುಂಬಿದ ಲಾರಿಯ ಕ್ಯಾಬಿನ್ನಿನಲ್ಲಿ ಕೂತು ಬೆಟ್ಟ ಹತ್ತುವುದೆಂದರೆ ದೊಡ್ಡ ಪ್ರಾಣಿಯೊಂದರ ಎದೆಯೊಳಗೆ ಕೂತಂತೆ. ಅದರ ಉಸಿರೆಲ್ಲ ನಮ್ಮ ಕಾಲಡಿಯಲ್ಲೇ. ಅಮ್ಮನ ಎಡಗೈ ಗೇರಿನ ಗುಂಡಿಯ ಮೇಲೆ ಮಗುವಿನ ತಲೆ ಸವರಿದಂತೆ ಇತ್ತು. ಒಂದು ಪಕ್ಕ ಬಂಡೆ, ಒಂದು ಪಕ್ಕ ಮೊಣಕಾಲೆತ್ತರದ ಕಲ್ಲಿನ ತಡೆಗೋಡೆ, ಅದರಾಚೆ ಬರೀ ಗಾಳಿ. ನಾನು ಕೊರಡನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯನ್ನು ನುಂಗುವಂತೆ ನೋಡುತ್ತಿದ್ದೆ. ಅಂದು ನಾನು ಯಾವ ಲೋಕಕ್ಕೂ ಹೋಗಲಿಲ್ಲ.

ಬೆಟ್ಟದ ನಡುವೆ ಒಂದು ತಿರುವು ಇದೆ. ಇಡೀ ದಾರಿಯಲ್ಲಿ ಅದರಷ್ಟು ಇಕ್ಕಟ್ಟು, ಅದರಷ್ಟು ಕಡಿದು ಬೇರೆಲ್ಲೂ ಇಲ್ಲ. ಅಳಿಯ ಏದುಸಿರು ಬಿಡುತ್ತ ಆ ತಿರುವು ಸುತ್ತಿ ಮೂತಿ ತಿರುಗಿಸಿದ್ದೇ, ನಮ್ಮ ಮುಂದೆ ಹಳದಿ ಕಂಡಿತು.

ಎರಡು ಲಾರಿಗಳು ಅಕ್ಕಪಕ್ಕದಲ್ಲಿ ರಸ್ತೆಯನ್ನು ಪೂರ್ತಿ ತುಂಬಿಕೊಂಡು ನಿಂತಿದ್ದವು. ಅವುಗಳ ಹಿಂದೆ ಇನ್ನೆರಡು, ಅದರ ಹಿಂದೆ ಮತ್ತೆ. ಎಲ್ಲವೂ ಖಾಲಿ, ಎಲ್ಲವೂ ನಮ್ಮ ಕಡೆ ಮುಖ ಮಾಡಿ. ಮುಂದಿನ ಸಾಲಿನ ಒಂದು ಕ್ಯಾಬಿನ್ನಿನಲ್ಲಿ ಗುಡುಗು ಮಾಮ. ಅವನು ನಮ್ಮನ್ನು ನೋಡುತ್ತಿರಲಿಲ್ಲ, ತನ್ನ ಸ್ಟೇರಿಂಗನ್ನು ನೋಡುತ್ತಿದ್ದ. ಪಕ್ಕದ ಬಂಡೆಯ ಮೇಲೆ ಅಧ್ಯಕ್ಷರ ಭಾವಮೈದ ಕೈಯಲ್ಲಿ ಫೋನು ಹಿಡಿದು ನಿಂತಿದ್ದ, ಮದುವೆಗೆ ಬಂದ ಫೋಟೋದವನಂತೆ.

ಅಮ್ಮ ನಿಲ್ಲಿಸಲೇಬೇಕಾಯಿತು. ಬ್ರೇಕು ಕಚ್ಚಿತು. ಗಾಲಿಗಳು ನಿಂತವು. ಆದರೆ ಲಾರಿ ನಿಲ್ಲಲಿಲ್ಲ. ಆ ತಿರುವಿನಲ್ಲಿ ಬಂಡೆಯಿಂದ ಉದುರಿದ ಜಲ್ಲಿ ಹರಡಿತ್ತು. ನಿಂತ ಗಾಲಿಗಳ ಸಮೇತ ಅಳಿಯ ನಿಧಾನವಾಗಿ, ಯಾರೋ ಹಿಂದಿನಿಂದ ಕರೆದಂತೆ, ತಡೆಗೋಡೆಯ ಕಡೆಗೆ ಜಾರತೊಡಗಿದ.

"ಇಳಿ," ಎಂದಳು ಅಮ್ಮ. ಜೋರಾಗಿ ಅಲ್ಲ.

ನಾನು ಬಾಗಿಲು ತೆಗೆದು ಹಾರಿದೆ. ಬೂಟು ಜಲ್ಲಿಗೆ ತಾಗಿ ಜಾರಿದರೂ ಬೀಳಲಿಲ್ಲ. ಪಕ್ಕದಿಂದ ಬಂದೆ. ಕೈ ಒಳಗೆ ಬಿಡಲಿಲ್ಲ. ಗಾಲಿಗೆ ಕೊರಡು ತೋರಿಸಿದೆ. ಅದು ಬಂದು ಕೂತಿತು, ನಿಜ. ಕೂತು, ಕೊರಡನ್ನೂ ಸೇರಿಸಿಕೊಂಡು ಹಿಂದಕ್ಕೆ ಜಾರತೊಡಗಿತು. ಕೊರಡಿನಡಿ ಜಲ್ಲಿ ಕಿರ್ ಕಿರ್ ಎನ್ನುತ್ತಿತ್ತು. ಇನ್ನೊಂದು ಪಕ್ಕದ ಗಾಲಿಗೂ ಬೇಕಿತ್ತು, ನನ್ನ ಬಳಿ ಇದ್ದದ್ದು ಒಂದೇ. ನಾನು ಕಲ್ಲಿಗಾಗಿ ಸುತ್ತ ನೋಡಿದೆ. "ಅಮ್ಮಾ, ಇಳಿದುಬಿಡು," ಎಂದು ಕೂಗಿದೆ. ಅವಳು ಇಳಿಯುವವಳಲ್ಲ. ಬ್ರೇಕಿನ ಮೇಲಿಟ್ಟ ಕಾಲು ತೆಗೆದರೆ ಅಳಿಯ ಹೋದ ಹಾಗೆಯೇ.

ಆಗ ಮೇಲಿಂದ ಬಾಗಿಲುಗಳು ಬಡಿದ ಸದ್ದು ಕೇಳಿತು.

ಮೊದಲು ಬಂದವನು ಗುಡುಗು ಮಾಮ. ಅಷ್ಟು ದಪ್ಪ ಮನುಷ್ಯ ಅಷ್ಟು ವೇಗವಾಗಿ ಓಡಿದ್ದನ್ನು ನಾನು ಹಿಂದೆಯೂ ನೋಡಿಲ್ಲ, ಮುಂದೆಯೂ ನೋಡಲಾರೆ. ಕಾಲಲ್ಲಿ ಒಂದೇ ಚಪ್ಪಲಿ, ಕೈಯಲ್ಲಿ ಕೊರಡು. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ, ಎಲ್ಲರ ಕೈಯಲ್ಲೂ ಕೊರಡು. ನನ್ನನ್ನು ಪಕ್ಕಕ್ಕೆ ಸರಿಸಿ ಎಡಗಡೆಗೊಂದು, ಬಲಗಡೆಗೊಂದು, ಮುಂದಿನ ಗಾಲಿಗೂ ಒಂದು ಕೊಟ್ಟು, ಕೊರಡು ಜಾರದಂತೆ ಅದರ ಹಿಂದೆ ಕಲ್ಲು ಒಟ್ಟಿದರು. ಒಬ್ಬನು ಬೂಟುಗಾಲಿನಿಂದ ಒದೆದು ಬಿಗಿ ಮಾಡಿದ. ಅಳಿಯ ಒಮ್ಮೆ ಮೈ ನಡುಗಿಸಿ ನಿಂತ. ಹಿಂಭಾಗಕ್ಕೂ ತಡೆಗೋಡೆಗೂ ನಡುವೆ ಒಬ್ಬ ಮನುಷ್ಯ ಓರೆಯಾಗಿ ನಿಲ್ಲುವಷ್ಟು ಜಾಗ ಉಳಿದಿತ್ತು.

ಆಮೇಲೆ ಎಲ್ಲರೂ ಏದುಸಿರು ಬಿಡುತ್ತ ನಿಂತರು. ತಾವು ಎಲ್ಲಿ ನಿಂತಿದ್ದೇವೆ, ಯಾತಕ್ಕೆ ಬಂದಿದ್ದೆವು ಎಂಬುದು ಅವರಿಗೆ ಆಗ ನೆನಪಾಯಿತು ಅನ್ನಿಸುತ್ತದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಡೆಯಲು ಬಂದವರು ಕೊರಡು ಕೊಟ್ಟುಬಿಟ್ಟಿದ್ದರು.

"ಏನ್ರೋ ಮಾಡ್ತಿದೀರಿ?" ಎಂದು ಭಾವಮೈದ ಬಂಡೆಯ ಮೇಲಿಂದ ಕೂಗಿದ.

"ಲೋಡ್ ಗಾಡಿ ಜಾರ್ತಿತ್ತು ಸ್ವಾಮಿ," ಎಂದ ಗುಡುಗು ಮಾಮ.

"ಜಾರ್ಲಿ ಬಿಡ್ರೋ. ಉಪ್ಪು ತಾನೇ?"

ಯಾರೂ ಕೊರಡು ತೆಗೆಯಲಿಲ್ಲ. ಅಲ್ಲಿದ್ದ ಪ್ರತಿಯೊಬ್ಬನೂ ಒಂದಲ್ಲ ಒಂದು ದಿನ ಆ ತಿರುವಿನಲ್ಲಿ ಜಾರಿದವನೇ, ಕನ್ನಡಿಯಲ್ಲಿ ಆ ತಡೆಗೋಡೆ ಹತ್ತಿರ ಬರುವುದನ್ನು ನೋಡಿದವನೇ. ಗುಡುಗು ಮಾಮ ತನ್ನ ಚಪ್ಪಲಿಯಿಲ್ಲದ ಕಾಲನ್ನು ನೋಡಿಕೊಂಡ. ಆಮೇಲೆ ಬಂಡೆಯ ಕಡೆ ತಲೆಯೆತ್ತಿ ಬಹಳ ಮೆಲ್ಲಗೆ ಹೇಳಿದ: "ಒಳಗೆ ಡ್ರೈವರ್ ಇದಾಳೆ ಸ್ವಾಮಿ."

ಅಷ್ಟು ಹೇಳಿ ಅವನು ಅಮ್ಮನ ಕಿಟಕಿಯ ಹತ್ತಿರ ಬಂದ. ಅಮ್ಮನ ಕಾಲು ಇನ್ನೂ ಬ್ರೇಕಿನ ಮೇಲೇ ಇತ್ತು. ಹಣೆಯ ಬೆವರು ಕಣ್ಣಿಗೆ ಇಳಿದಿದ್ದರೂ ಒರೆಸಿಕೊಂಡಿರಲಿಲ್ಲ.

"ಏನಕ್ಕಾ, ಸಿನಿಮಾ ತೆಗೀತಿದೀಯಾ?"

"ಹೀರೋ ನೀನು. ಒಂದೇ ಚಪ್ಪಲಿ ಹಾಕ್ಕೊಂಡು ಬಂದಿದೀಯ," ಎಂದಳು ಅಮ್ಮ. "ದಾರಿ ಬಿಡ್ತೀಯೋ, ಇಲ್ಲೇ ಸಂಸಾರ ಮಾಡ್ಲೋ?"

ಅವನು ನಕ್ಕ. ತಿರುಗಿ ತನ್ನವರಿಗೆ ಕೈ ಬೀಸಿದ. ಕೊನೆಯ ಲಾರಿ ಮೊದಲು ಹಿಂದಕ್ಕೆ ಹೋಯಿತು, ಆಮೇಲೆ ಅದರ ಮುಂದಿನದು, ಕೊನೆಗೆ ಗುಡುಗು ಮಾಮನದು. ಬೆಟ್ಟದ ಮೇಲೆ ಹಿಮ್ಮುಖವಾಗಿ ಲಾರಿ ಓಡಿಸುವುದು ಸಣ್ಣ ಕೆಲಸವಲ್ಲ. ಒಬ್ಬರಿಗೊಬ್ಬರು ಕೂಗಿ ದಾರಿ ಹೇಳಿಕೊಳ್ಳುತ್ತ, ಅಗಲವಿದ್ದ ಕಡೆ ಹೋಗಿ ಬಂಡೆಗೆ ಒತ್ತಿ ನಿಲ್ಲಿಸಿ, ಮತ್ತೆ ನಮ್ಮ ಹತ್ತಿರ ನಡೆದು ಬಂದರು.

ಅಳಿಯ ನಿಂತಲ್ಲಿಂದ ಹೊರಡುವುದು ಇನ್ನೂ ಕಷ್ಟವಿತ್ತು. ಜಲ್ಲಿಯಲ್ಲಿ ಗಾಲಿ ಕಚ್ಚುವುದಿಲ್ಲ. ಅದಕ್ಕೆ ಇಬ್ಬಿಬ್ಬರು ಒಂದೊಂದು ಪಕ್ಕಕ್ಕೆ ಬಗ್ಗಿ ನಿಂತರು. ನನ್ನ ಕೊರಡನ್ನು ಯಾರೂ ಕಿತ್ತುಕೊಳ್ಳಲಿಲ್ಲ. "ಪುಟ್ಟಿ, ನಿನ್ನ ಗಾಲಿ ನೀನೇ ನೋಡ್ಕೋ," ಎಂದ ಒಬ್ಬ. ಅಮ್ಮ ಮೆಲ್ಲಗೆ ಕ್ಲಚ್ ಬಿಟ್ಟಳು. ಅಳಿಯ ಗುಡುಗಿದ. ಒಂದು ಗೇಣು ಮೇಲೆ ಬಂದ. ನಾವು ಕೊರಡನ್ನು ಒಂದು ಗೇಣು ಮೇಲಕ್ಕೆ ತಳ್ಳಿದೆವು. ಮತ್ತೊಂದು ಗೇಣು. ಮತ್ತೆ ಕೊರಡು. ಹೀಗೆ ಅಷ್ಟು ಮಂದಿ ಬಗ್ಗಿ ಬಗ್ಗಿ ಗಾಲಿಗಳ ಜೊತೆ ನಡೆದರು. ದೂರದಿಂದ ನೋಡಿದವರಿಗೆ ಒಬ್ಬ ಮಹಾರಾಜನಿಗೆ ಅಡಿಯಡಿಗೂ ತಲೆಬಾಗುತ್ತ ಕರೆದೊಯ್ಯುತ್ತಿರುವಂತೆ ಕಂಡಿರಬೇಕು. ಜಲ್ಲಿ ಮುಗಿದು ಗಾಲಿಗೆ ಗಟ್ಟಿ ರಸ್ತೆ ಸಿಕ್ಕಿತು. ಅಮ್ಮ ನಿಲ್ಲಿಸದೆ ಹಾಗೇ ಹತ್ತಿದಳು. ನಾನು ಓಡಿ ಹೋಗಿ ಚಲಿಸುವ ಕ್ಯಾಬಿನ್ನಿನ ಮೆಟ್ಟಿಲು ಹಿಡಿದು ಒಳಗೆ ಬಿದ್ದೆ. ಯಾರೋ ಹಿಂದಿನಿಂದ ಕೊರಡನ್ನು ಕಿಟಕಿಯೊಳಗೆ ಎಸೆದರು.

ಮುಂದೆ ಅಗಲ ಸಿಕ್ಕ ಕಡೆಯಲ್ಲೆಲ್ಲ ಹಳದಿ ಸ್ಟಿಕ್ಕರಿನ ಲಾರಿಗಳು ಒಂದೊಂದಾಗಿ ತಿರುಗಿ ನಮ್ಮ ಹಿಂದೆ ಸಾಲುಗಟ್ಟಿದವು. ಓರೆ ಕನ್ನಡಿಯಲ್ಲಿ ಆ ಸಾಲು ನೋಡಿ ಅಮ್ಮ, "ಇವರೆಲ್ಲ ಯಾಕೆ ಬರ್ತಿದಾರೆ?" ಎಂದಳು. ಅವಳಿಗೆ ಗೊತ್ತಿತ್ತು. ಸುಮ್ಮನೆ ಕೇಳಿದ್ದು, ಮುಖ ನನಗೆ ಕಾಣದಂತೆ ಆ ಕಡೆ ತಿರುಗಿಸಿಕೊಂಡು.

ಗೇಟು ಬಂತು.

ಸಿನಿಮಾದಲ್ಲಾಗಿದ್ದರೆ ಪೈಪನ್ನು ಮುರಿದು ಹಾರಿಸಿಕೊಂಡು ಹೋಗಬೇಕಿತ್ತು. ಅಮ್ಮ ಇಂಡಿಕೇಟರ್ ಹಾಕಿ, ಎಡಕ್ಕೆ ಸರಿಸಿ, ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದಳು. ದೀಪ ಒಡೆದದ್ದಕ್ಕೆ ದಂಡ ಕಟ್ಟಿದವಳು, ತಪ್ಪು ಹುಡುಕಲು ಇನ್ನೊಂದು ಅವಕಾಶ ಕೊಡುವವಳಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಧ್ಯಕ್ಷರು ಕೂತಿದ್ದರು. ಬಿಳಿ ಅಂಗಿ, ಹೊಳೆಯುವ ಬೂಟು. ಮುಖದಲ್ಲಿ ಮಾತ್ರ ಗಾಬರಿ. ಇನ್ಸ್‌ಪೆಕ್ಟರು ಜೀಪಿಗೆ ಒರಗಿ ನಿಂತಿದ್ದರು.

"ಪೇಪರ್ ತೋರ್ಸಮ್ಮ," ಎಂದರು ಇನ್ಸ್‌ಪೆಕ್ಟರು.

ಅಮ್ಮ ಚೀಲದ ಸಮೇತ ಕೊಟ್ಟಳು. ಅವರು ಅದನ್ನು ಬಿಚ್ಚುತ್ತ ಬಿಚ್ಚುತ್ತ ನಮ್ಮ ಹಿಂದೆ ನೋಡಿದರು. ಒಂದರ ಹಿಂದೆ ಒಂದು ಲಾರಿ ಬಂದು ನಿಲ್ಲುತ್ತಿತ್ತು. ಯಾರೂ ಹಾರ್ನ್ ಹೊಡೆಯಲಿಲ್ಲ. ಬರೀ ಎಂಜಿನ್ನುಗಳ ಗುರ್ ಎನ್ನುವ ಸದ್ದು, ಬೆಟ್ಟವೇ ಗಂಟಲು ಸರಿ ಮಾಡಿಕೊಳ್ಳುತ್ತಿರುವ ಹಾಗೆ. ಇನ್ಸ್‌ಪೆಕ್ಟರಿಗೆ ಆಗಲೇ ಯಾವುದೋ ತುರ್ತು ಫೋನು ನೆನಪಾಯಿತು. ಚೀಲವನ್ನು ಹಾಗೇ ಅಮ್ಮನ ಕೈಗೆ ಕೊಟ್ಟು, "ಸರಿ ಇದೆ," ಎಂದು ಜೀಪು ಹತ್ತಿದರು. ಆ ಪೇಪರುಗಳು ಸರಿಯಿವೆ ಎಂದು ಅವರು ಒಪ್ಪಿದ್ದು ಅದೇ ಮೊದಲು.

"ನೋಡಮ್ಮ," ಎಂದರು ಅಧ್ಯಕ್ಷರು. "ಹೆಣ್ಣುಮಗಳು ಅಂತ ಇಷ್ಟು ದಿನ ತಡ್ಕೊಂಡಿದ್ದೆ. ಸಂಘಕ್ಕೊಂದು ಮರ್ಯಾದೆ ಬೇಡ್ವಾ? ನಾಳೆ ನಿನ್ನ ಗಾಡಿ ಕೆಟ್ಟು ನಿಂತ್ರೆ ಯಾರು ಬರ್ತಾರೆ?"

"ಇವತ್ತು ನಿಂತಿತ್ತು," ಎಂದಳು ಅಮ್ಮ. "ಬಂದ್ರಲ್ಲ."

ಗುಡುಗು ಮಾಮ ಇಳಿದು ಬಂದಿದ್ದ. ಅವನು ತಿರುಗಿ ತನ್ನ ಲಾರಿಯ ಮುಂದೆ ಹೋಗಿ ನಿಂತ. ತನ್ನ ಗಾಜಿನ ಮೂಲೆಗೆ ಉಗುರು ಹಾಕಿ ಆ ಹಳದಿ ಸ್ಟಿಕ್ಕರನ್ನು ಕೀಳತೊಡಗಿದ. ಅದು ಸುಲಭಕ್ಕೆ ಬರಲಿಲ್ಲ. ಒಂದು ಕೈ ಹರಿದು ಬಂತು, ಇನ್ನೊಂದು ಕೈ ಗಾಜಿಗೇ ಅಂಟಿಕೊಂಡಿತ್ತು. ಹಿಂದಿನ ಲಾರಿಯವನು ಅದನ್ನು ನೋಡಿ ಬಟ್ಟೆಗೆ ಡೀಸೆಲ್ ಅದ್ದಿ ಕೊಟ್ಟ. ಅವನ ಹಿಂದಿನವನೂ ಬಟ್ಟೆ ಹುಡುಕತೊಡಗಿದ.

"ಪೈಪ್ ಎತ್ಸಿ ಸಾರ್. ಗೋದಾಮು ಬಾಗಿಲು ಹಾಕ್ತಾರೆ," ಎಂದಳು ಅಮ್ಮ.

ಅಧ್ಯಕ್ಷರು ಕುರ್ಚಿ ಬಿಟ್ಟು ಏಳಲಿಲ್ಲ. ತಮ್ಮವರಿಗಾಗಿ ಅತ್ತಿತ್ತ ನೋಡಿದರು. ಅಮ್ಮ ನನ್ನ ಕಡೆ ತಿರುಗಿ, "ಪುಟ್ಟಿ, ಇಳಿ," ಎಂದಳು.

ನಾನು ಇಳಿದೆ. ಎಷ್ಟು ವರ್ಷ ಆ ಪಟ್ಟೆ ಪೈಪಿನ ಬಗ್ಗೆ ಕೇಳಿದ್ದೆ. ನನ್ನ ಮನಸ್ಸಿನಲ್ಲಿ ಅದು ಕಬ್ಬಿಣದ ಕೋಟೆಬಾಗಿಲಾಗಿತ್ತು. ಎರಡೂ ಕೈ ಕೊಟ್ಟು, ಇದ್ದ ಬಲವನ್ನೆಲ್ಲ ಹಾಕಿ ಎತ್ತಿದೆ. ಅದು ಪಟಕ್ಕನೆ ಮೇಲೆ ಹೋಗಿ, ನಾನು ಹಿಂದಕ್ಕೆ ಬೀಳುವುದರಲ್ಲಿದ್ದೆ. ಟೊಳ್ಳು ಪೈಪು. ಆ ತುದಿಗೆ ಗೋಣಿಚೀಲದಲ್ಲಿ ಕಟ್ಟಿದ ಒಂದು ಕಲ್ಲು. ಬೆರಳಲ್ಲಿ ಎತ್ತಬಹುದಿತ್ತು.

ಅಳಿಯ ನನ್ನ ಪಕ್ಕದಲ್ಲಿ ದಾಟಿದ. ಅವನ ಹಿಂದೆ ಗುಡುಗು ಮಾಮ, ಅವನ ಹಿಂದೆ ಎಲ್ಲರೂ. ನಾನು ಪೈಪು ಹಿಡಿದೇ ನಿಂತಿದ್ದೆ. ಪ್ರತಿಯೊಬ್ಬನೂ ದಾಟುವಾಗ ಕಿಟಕಿಯಿಂದ ಕೈ ಹೊರಗೆ ಹಾಕಿದ. ಅದು ಲಾರಿಯವರು ಲಾರಿಯವರಿಗೆ ಮಾಡುವ ಸನ್ನೆ. ನನಗೆ ಯಾರೂ ಅದುವರೆಗೆ ಮಾಡಿರಲಿಲ್ಲ.

ಗೋದಾಮಿನ ಯಜಮಾನರು ಒಂದು ಕದ ಹಾಕಿ ಇನ್ನೊಂದಕ್ಕೆ ಕೈಯಿಟ್ಟಿದ್ದರು. ಅಮ್ಮನ ಲಾರಿ ಕಂಡು ಆ ಕದವನ್ನೂ ತೆಗೆದರು. ಅವಳ ಹಿಂದೆ ಬಂದ ಸಾಲು ಕಂಡು, "ಇಷ್ಟು ಉಪ್ಪು ನಾನು ಹೇಳಿಲ್ಲಮ್ಮ," ಎಂದು ಗಾಬರಿಯಾದರು. ಬಂದವರೆಲ್ಲ ನಗುತ್ತ ಇಳಿದು ಮೂಟೆಗೆ ಹೆಗಲು ಕೊಟ್ಟರು.

ಮೂಟೆ ಇಳಿಸುವಾಗ ಗುಡುಗು ಮಾಮ ಅಮ್ಮನಿಗೆ ಹೇಳಿದ: "ನಿಜ ಹೇಳ್ತೀನಿ ಅಕ್ಕಾ. ಕೆಳಗೆ ಸಮತಟ್ಟಲ್ಲಿ ಅಡ್ಡ ಹಾಕ್ಸಿದ್ರೆ ನಾವು ಕದಲ್ತಿರಲಿಲ್ಲ. ಇಕ್ಕಟ್ಟಾಗಿದೆ ಅಂತ ಅಧ್ಯಕ್ಷ ಆ ತಿರುವೇ ಆರಿಸ್ದ."

"ಗೊತ್ತು ಕಣೋ. ಅವನು ಯಾವತ್ತು ಏರಲ್ಲಿ ಗಾಡಿ ನಿಲ್ಸಿದಾನೆ?" ಎಂದಳು ಅಮ್ಮ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಲಾರಿಯವರೆಲ್ಲ ಒಟ್ಟಾಗಿ ದೊಡ್ಡ ಕಚೇರಿಗೆ ಹೋಗಿ ದೂರು ಕೊಟ್ಟರು. ಸಾಕ್ಷಿ ಹೇಳಲು ಎಷ್ಟು ಮಂದಿ ಬಂದಿದ್ದರೆಂದರೆ ವರಾಂಡದಲ್ಲಿ ಜಾಗವಿರಲಿಲ್ಲ. ಇನ್ಸ್‌ಪೆಕ್ಟರಿಗೆ ಕೆಲಸದಿಂದ ಅಮಾನತಾಯಿತು. ಅಧ್ಯಕ್ಷರ ಮೇಲೆ ಕೇಸು ನಡೆಯುತ್ತಿದೆ. ಪಟ್ಟೆ ಪೈಪು ಈಗ ಬೆಟ್ಟದ ಬುಡದ ಟೀ ಅಂಗಡಿಯ ಚಪ್ಪರಕ್ಕೆ ಊರುಗೋಲಾಗಿದೆ.

ಅಂದು ಮನೆ ಸೇರಿದಾಗ ಅಜ್ಜಿ ಬಾಗಿಲಲ್ಲೇ ಕೂತಿದ್ದಳು. ನಮ್ಮನ್ನು ಕೇಳಲಿಲ್ಲ. ಮೊದಲು ಅಳಿಯನ ಸುತ್ತ ಒಂದು ಸುತ್ತು ಹಾಕಿ, ಗಾಯಗೀಯ ಆಗಿದೆಯೇ ಎಂದು ನೋಡಿದಳು. ಆಮೇಲೆ ನನ್ನ ಕೈ ಹಿಡಿದು, ಅಂಗೈಯ ಎಣ್ಣೆಕಲೆ ನೋಡಿ, "ಹೇಳು," ಎಂದಳು. ನಾನು ಕತೆ ಹೇಳಿದೆ, ಅವಳು ಕೇಳಿದಳು. ನಮ್ಮಿಬ್ಬರ ನಡುವೆ ಹಾಗಾದದ್ದು ಅದೇ ಮೊದಲು. ಪೈಪು ಎತ್ತಿದ್ದು ಹೇಳಿದಾಗ ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಮ್ಮ ಕ್ಯಾಬಿನ್ ಗುಡಿಸುತ್ತಿದ್ದವಳು ಸೀಟಿನ ಕೆಳಗೆ ಕೈ ಹಾಕಿ ನಿಂತಳು. ಕಿಟಕಿಯಿಂದ ಒಳಗೆ ಎಸೆದಿದ್ದ ಕೊರಡನ್ನು ಹೊರಗೆ ತೆಗೆದು ದೀಪಕ್ಕೆ ಹಿಡಿದು ನೋಡಿದಳು. ಅದು ನಮ್ಮದಲ್ಲ. ಹೊಸ ಮರ, ಒಂದು ಮೂಲೆ ಒಡೆದಿತ್ತು. ಗಡಿಬಿಡಿಯಲ್ಲಿ ಯಾರದ್ದೋ ಬಂದಿತ್ತು, ನಮ್ಮದು ಯಾರ ಬಳಿಯೋ ಹೋಗಿತ್ತು.

"ಇರ್ಲಿ ಬಿಡಮ್ಮಾ, ಅದೂ ಕೊರಡೇ ತಾನೇ," ಎಂದೆ.

"ಹಾಗಲ್ಲ," ಎಂದು ಅಮ್ಮ ಅದನ್ನು ಸೆರಗಿನಿಂದ ಒರೆಸಿ ನನ್ನ ಬೂಟಿನ ಪಕ್ಕದಲ್ಲಿಟ್ಟಳು. "ಬೆಳಿಗ್ಗೆ ಬೇಗ ಏಳು. ಯಾರದ್ದು ಅಂತ ಕೇಳಿ ಕೊಟ್ಟು ಬರೋಣ. ಅವನೂ ಬೆಟ್ಟ ಹತ್ತಬೇಕಲ್ಲ."